ಮಗ್ಗ ನಿಲ್ಲಿಸುವ ಆದೇಶ: ಸೋಂಕು, ಹಕ್ಕು, ಮಜೂರಿ ಮೂರನ್ನೂ ತೂಗುವುದು ಹೇಗೆ?

2021ರ ಜೂನ್ 14ರಂದು ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ಕೋವಿಡ್ ಲಾಕ್‌ಡೌನ್ ಸಡಿಲವಾಯಿತು. 11 ಜಿಲ್ಲೆಗಳಿಗೆ ಮಾತ್ರ ಆ ಭಾಗ್ಯವಿರಲಿಲ್ಲ, ಅವುಗಳಲ್ಲಿ ಬೆಳಗಾವಿಯೂ ಒಂದು. ಪಕ್ಕದ ಬಾಗಲಕೋಟೆ ಆ ಪಟ್ಟಿಯಲ್ಲಿರಲಿಲ್ಲ. ಹೀಗಾಗಿ ಮಹಾಲಿಂಗಪುರದವರಿಗೆ ಒಂದು ನಿಯಮ, ಅಷ್ಟೇನೂ ದೂರವಿಲ್ಲದ ಮೂಡಲಗಿಯವರಿಗೆ ಇನ್ನೊಂದು. ಅದೇ ಹೊತ್ತಿಗೆ ಖಾನಾಪುರದ ಕಾಡಂಚಿನ ಹಳ್ಳಿಗೂ, ಬೆಳಗಾವಿ ಶಹರಕ್ಕೂ, ಅಥಣಿಯ ಕಬ್ಬಿನ ಹೊಲಕ್ಕೂ ಒಂದೇ ನಿಯಮ. 2011ರ ಜನಗಣತಿ ಪ್ರಕಾರ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಸುಮಾರು 47.8 ಲಕ್ಷ, ಬಾಗಲಕೋಟೆಯದು 18.9 ಲಕ್ಷ. ಇಷ್ಟು ದೊಡ್ಡ ಜಿಲ್ಲೆಯ ಸೋಂಕಿನ ಸರಾಸರಿಯನ್ನು ತೆಗೆದು ಎಲ್ಲರ ಕೊರಳಿಗೂ ಕಟ್ಟಿದರೆ ಸೋಂಕಿಲ್ಲದ ಊರಿನ ಕ್ಷೌರಿಕನೂ ಶಹರದ ಸೋಂಕಿಗೆ ದಂಡ ತೆರುತ್ತಾನೆ.

ಇಂಥ ಆದೇಶ ಬಂದಾಗಲೆಲ್ಲ ಚರ್ಚೆ ಎರಡು ಪಾಳಯವಾಗುತ್ತದೆ. ಒಬ್ಬರು ‘ಜನ ಸಾಯುತ್ತಿರುವಾಗ ದಂಧೆಯ ಮಾತೇಕೆ’ ಎನ್ನುತ್ತಾರೆ, ಇನ್ನೊಬ್ಬರು ‘ರೋಗಕ್ಕಿಂತ ಮೊದಲು ಹಸಿವು ಕೊಲ್ಲುತ್ತದೆ’ ಎನ್ನುತ್ತಾರೆ. ಎರಡರಲ್ಲೂ ಸತ್ಯವಿದೆ, ಆದರೆ ಎರಡರಿಂದಲೂ ನಿರ್ಧಾರ ಮಾಡಲಾಗದು. ನಿರ್ಧಾರಕ್ಕೆ ಬೇಕಾದದ್ದು ಲೆಕ್ಕ. ಯಾವ ನಿರ್ಬಂಧ ಎಷ್ಟು ಸೋಂಕು ತಡೆಯುತ್ತದೆ, ಯಾರ ಎಷ್ಟು ದಿನದ ಮಜೂರಿ ಕಸಿಯುತ್ತದೆ, ಅದನ್ನು ಯಾರು ತುಂಬಿಕೊಡುತ್ತಾರೆ, ಯಾವತ್ತಿಗೆ ಮುಗಿಯುತ್ತದೆ? ಇವುಗಳಲ್ಲಿ ಮೂರನೆಯ ಪ್ರಶ್ನೆಯನ್ನು ನಾವು ದಾನದ ವಿಷಯವೆಂದು ಬದಿಗಿಡುತ್ತೇವೆ. ಅದು ದಾನವಲ್ಲ, ರೋಗ ತಡೆಯುವ ಕೆಲಸದ್ದೇ ಒಂದು ಭಾಗ. ಅದು ಹೇಗೆ ಎಂಬುದನ್ನು ಮುಂದೆ ನೋಡೋಣ.

ಅಧಿಕಾರ ಎಲ್ಲಿಂದ ಬರುತ್ತದೆ

ಜಿಲ್ಲಾಧಿಕಾರಿ ಅಂಗಡಿ ಮುಚ್ಚಿಸಬೇಕೆಂದರೆ ಆದೇಶದ ತಲೆಯ ಮೇಲೆ ಯಾವುದಾದರೂ ಕಾಯ್ದೆಯ ಕಲಂ ಇರಲೇಬೇಕು. ಹಳೆಯದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬೈ ಪ್ರಾಂತದಲ್ಲಿ ಪ್ಲೇಗು ಹಬ್ಬಿದಾಗ ಅವಸರದಲ್ಲಿ ಬಂದದ್ದು. ಬೆಳಗಾವಿಯೂ, ಬಾಗಲಕೋಟೆಯನ್ನು ಒಳಗೊಂಡಿದ್ದ ಆಗಿನ ವಿಜಾಪುರ ಜಿಲ್ಲೆಯೂ ಅದೇ ಪ್ರಾಂತದವು. ಮೂಲದಲ್ಲಿ ಅದು ನಾಲ್ಕೇ ಕಲಮಿನ ಕಾಯ್ದೆ: ಸರ್ಕಾರ ಬೇಕಾದ ಕ್ರಮ ಕೈಗೊಳ್ಳಬಹುದು, ಮೀರಿದವರಿಗೆ ಶಿಕ್ಷೆ, ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಜನರ ಹಕ್ಕಿನ ಬಗ್ಗೆ, ಅವಧಿಯ ಬಗ್ಗೆ ಒಂದು ಸಾಲೂ ಇಲ್ಲ. ಅದರ ಫಲ ಪುಣೆಯಲ್ಲಿ ಕಂಡಿತು. ಸೈನಿಕರು ಮನೆ ಹೊಕ್ಕು ರೋಗಿಗಳನ್ನು ಹುಡುಕತೊಡಗಿದಾಗ ಜನ ರೋಗಿಗಳನ್ನೇ ಬಚ್ಚಿಟ್ಟರು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರ ಗುಂಡು ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಹಾರಿತು. ಬಚ್ಚಿಟ್ಟ ರೋಗಿಯಿಂದ ರೋಗ ಹಬ್ಬುವುದು ಹೆಚ್ಚು. ಬಲವಂತದ ಈ ಅಡ್ಡಪರಿಣಾಮ ಆಗಲೇ ಗೊತ್ತಾಗಿತ್ತು.

ಕರ್ನಾಟಕ 2020ರಲ್ಲಿ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿತು. ಅದರ ಜೊತೆಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ ಇದೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಇದರಡಿ ಮ್ಯಾಜಿಸ್ಟ್ರೇಟರ ಆದೇಶ ಎರಡು ತಿಂಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. ರಾಜ್ಯ ಸರ್ಕಾರ ಬೇಕಿದ್ದರೆ ಗರಿಷ್ಠ ಆರು ತಿಂಗಳು ಮುಂದುವರಿಸಬಹುದು. ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು, ಒಂದರ ಮೇಲೊಂದು ಹೊರಡಿಸುತ್ತ ಹೋಗುವುದು ಅಧಿಕಾರದ ದುರುಪಯೋಗ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದೆ. ಆದೇಶ ಮೀರಿದರೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ: ಆರು ತಿಂಗಳವರೆಗೆ ಸಜೆ ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ. ಜೀವಕ್ಕೆ ಅಪಾಯವಾದರೆ ಒಂದು ವರ್ಷ, 5,000 ರೂಪಾಯಿ.

ಮೂರನೆಯದು 2005ರ ವಿಪತ್ತು ನಿರ್ವಹಣಾ ಕಾಯ್ದೆ. 2020ರ ಮಾರ್ಚ್‌ನಲ್ಲಿ ದೇಶ ಮುಚ್ಚಿದ್ದು ಇದರ ಬಲದಿಂದಲೇ. ಜಿಲ್ಲೆಯಲ್ಲಿ ಇದರ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಈ ಕಾಯ್ದೆಯಲ್ಲಿ ಶಿಕ್ಷೆಯ 51ನೇ ಕಲಂ ಎಲ್ಲರಿಗೂ ಗೊತ್ತು, ಪೊಲೀಸರು ಎಫ್‌ಐಆರ್‌ನಲ್ಲಿ ಬರೆಯುತ್ತಾರೆ. 12ನೇ ಕಲಮನ್ನು ಓದಿದವರು ಕಡಿಮೆ. ವಿಪತ್ತಿಗೆ ಸಿಕ್ಕವರಿಗೆ ಕನಿಷ್ಠ ಪರಿಹಾರ ಏನಿರಬೇಕೆಂದು ರಾಷ್ಟ್ರೀಯ ಪ್ರಾಧಿಕಾರ ಮಾರ್ಗಸೂಚಿ ಮಾಡಬೇಕು ಎನ್ನುವ ಆ ಕಲಂ, ಅನ್ನ, ನೀರು, ವಸತಿ, ಔಷಧ, ಸಾವಿಗೆ ಪರಿಹಾರ ಇವುಗಳ ಸಾಲಿನಲ್ಲೇ ಜೀವನೋಪಾಯವನ್ನು ಮತ್ತೆ ನಿಲ್ಲಿಸಲು ನೆರವು ಎಂದೂ ಹೇಳುತ್ತದೆ. ಈ ಕರ್ತವ್ಯ ಐಚ್ಛಿಕವಲ್ಲ ಎಂದು 2021ರ ಜೂನ್ 30ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆಯೇ ಕೋವಿಡ್ ಸಾವಿಗೆ 50,000 ರೂಪಾಯಿ ನಿಗದಿಯಾದದ್ದು. ಜೀವನೋಪಾಯದ ಮಾತು ಮಾತ್ರ ಆ ಮಟ್ಟಕ್ಕೆ ಏರಲಿಲ್ಲ. ಮುಚ್ಚುವ ಅಧಿಕಾರ ಕೊಟ್ಟ ಕಾಯ್ದೆಯಲ್ಲೇ ಎತ್ತಿ ನಿಲ್ಲಿಸುವ ಹೊಣೆಯೂ ಇದೆ ಎಂಬುದನ್ನು ನೇಕಾರ ಸಂಘಗಳು, ಆಟೊ ಸಂಘಗಳು ತಮ್ಮ ಮನವಿಪತ್ರದ ಮೊದಲ ಸಾಲಿನಲ್ಲೇ ಬರೆಯಬೇಕು.

ನ್ಯಾಯಾಲಯದ ತಕ್ಕಡಿ

ಸಂವಿಧಾನದ 19ನೇ ವಿಧಿ ಓಡಾಡುವ, ಉದ್ಯೋಗ ಮಾಡುವ ಹಕ್ಕು ಕೊಡುತ್ತದೆ. ಸಾರ್ವಜನಿಕ ಹಿತಕ್ಕಾಗಿ ಸಕಾರಣ ನಿರ್ಬಂಧ ಹಾಕಬಹುದೆಂದೂ ಅದೇ ಹೇಳುತ್ತದೆ. ‘ಸಕಾರಣ’ವೋ ಅಲ್ಲವೋ ಎಂದು ನೋಡಲು ಸುಪ್ರೀಂ ಕೋರ್ಟ್ 2016ರ ಮಾಡರ್ನ್ ಡೆಂಟಲ್ ಕಾಲೇಜ್ ತೀರ್ಪಿನಿಂದೀಚೆಗೆ, 2017ರ ಪುಟ್ಟಸ್ವಾಮಿ ತೀರ್ಪಿನಲ್ಲೂ, ನಾಲ್ಕು ಪ್ರಶ್ನೆ ಕೇಳುತ್ತ ಬಂದಿದೆ. ಉದ್ದೇಶ ನ್ಯಾಯಸಮ್ಮತವೇ? ಕ್ರಮಕ್ಕೂ ಉದ್ದೇಶಕ್ಕೂ ನಿಜವಾದ ಸಂಬಂಧವಿದೆಯೇ? ಇದಕ್ಕಿಂತ ಕಡಿಮೆ ತೊಂದರೆಯ ದಾರಿ ಇರಲಿಲ್ಲವೇ? ಆಗುವ ಲಾಭಕ್ಕೆ ತಕ್ಕಷ್ಟೇ ಹಾನಿಯೇ?

ಮಾರುಕಟ್ಟೆಯ ವೇಳೆ ಕಡಿತವನ್ನು ಈ ತಕ್ಕಡಿಗೆ ಹಾಕಿ ನೋಡಿ. 2021ರಲ್ಲಿ ಅಗತ್ಯ ವಸ್ತುಗಳ ಅಂಗಡಿಗಳಿಗೆ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶವಿತ್ತು. ಉದ್ದೇಶ ಸರಿ. ಸಂಬಂಧ? 2,000 ಜನ 10 ತಾಸಿನಲ್ಲಿ ಬಂದು ಹೋಗುವ ಕಾಯಿಪಲ್ಲೆ ಮಾರುಕಟ್ಟೆ ಎಂದಿಟ್ಟುಕೊಳ್ಳಿ. ತಾಸಿಗೆ 200 ಜನ. ಅದೇ ಜನ 4 ತಾಸಿನಲ್ಲಿ ಬರಬೇಕಾದರೆ ತಾಸಿಗೆ 500. ಪ್ರತಿಯೊಬ್ಬರ ಸುತ್ತ ಎರಡೂವರೆ ಪಟ್ಟು ಜನ. ಕೊಳ್ಳುವವರ ಸಂಖ್ಯೆ ಇಳಿಯದೆ ವೇಳೆ ಮಾತ್ರ ಇಳಿದರೆ ನಿಯಮ ತಾನು ತಡೆಯಬೇಕಾದ ಗುಂಪನ್ನು ತಾನೇ ಕಟ್ಟುತ್ತದೆ. ಅಂದರೆ ಎರಡನೇ ಪ್ರಶ್ನೆಯಲ್ಲೇ ಬೀಳುತ್ತದೆ. ಮೂರನೆಯದಕ್ಕೂ ಉತ್ತರ ಸುಲಭ: ವೇಳೆ ಹೆಚ್ಚಿಸಿ, ಮಾರುಕಟ್ಟೆಯನ್ನು ಮೂರ್ನಾಲ್ಕು ಬಯಲಿಗೆ ಹಂಚಿ, ಕಟ್ಟೆಗಳ ನಡುವೆ ಅಂತರ ಬಿಡಿ. ಮಾರುವವರ ವ್ಯಾಪಾರವೂ ಉಳಿಯುತ್ತದೆ.

ಸೋಂಕಿನ ಗಣಿತ

ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಜನಕ್ಕೆ ಹರಡುತ್ತದೆ ಎಂಬ ಸಂಖ್ಯೆ 1ಕ್ಕಿಂತ ಮೇಲಿದ್ದರೆ ಅಲೆ ಏರುತ್ತದೆ, ಕೆಳಗಿದ್ದರೆ ಇಳಿಯುತ್ತದೆ. ಅದು 1.3 ಇದ್ದು, ಒಬ್ಬರಿಂದ ಇನ್ನೊಬ್ಬರಿಗೆ ದಾಟಲು 5 ದಿನ ಬೇಕು ಎಂದಿಟ್ಟುಕೊಂಡರೆ, ಇಂದು ಹೊಸದಾಗಿ 100 ಜನಕ್ಕೆ ತಗುಲಿದ ಸೋಂಕು 25 ದಿನದ ನಂತರದ ಸುತ್ತಿನಲ್ಲಿ 371 ಜನಕ್ಕೆ ತಗುಲುತ್ತದೆ. ಸಂಖ್ಯೆಯನ್ನು 0.9ಕ್ಕೆ ಇಳಿಸಿದರೆ 59 ಜನಕ್ಕೆ. 1.3ರಿಂದ 1ರ ಕೆಳಗೆ ಬರಲು ಸಂಪರ್ಕವನ್ನು ಪೂರ್ತಿ ನಿಲ್ಲಿಸಬೇಕಿಲ್ಲ, ಸುಮಾರು ಕಾಲು ಭಾಗ ಕಡಿಮೆಯಾದರೆ ಸಾಕು. ಅದೇ ಸಂಖ್ಯೆ 3 ಇದ್ದರೆ ಮೂರರಲ್ಲಿ ಎರಡು ಪಾಲು ಕಡಿಮೆಯಾಗಬೇಕು. ಎಷ್ಟು ಬಿಗಿ ಬೇಕೆಂಬುದನ್ನು ಈ ಸಂಖ್ಯೆ ನಿರ್ಧರಿಸಬೇಕೇ ಹೊರತು ಅಧಿಕಾರಿಯ ಧೈರ್ಯವೋ ಮಂತ್ರಿಯ ಭಯವೋ ಅಲ್ಲ.

ಆ ಕಾಲು ಭಾಗವನ್ನು ಎಲ್ಲಿಂದ ತೆಗೆಯಬೇಕು? ಆಯ್ಕೆ ಇರುವುದು ಇಲ್ಲಿ. ಕೋವಿಡ್‌ನಲ್ಲಿ ಎಲ್ಲ ರೋಗಿಗಳೂ ಸಮನಾಗಿ ಹರಡಲಿಲ್ಲ. ಹೆಚ್ಚಿನವರು ಯಾರಿಗೂ ಹರಡದೆ ಮುಗಿಸಿದರು, ಕೆಲವರು ಕಿಟಕಿ ಮುಚ್ಚಿದ ಕೋಣೆಯಲ್ಲಿ, ಮದುವೆ ಮಂಟಪದಲ್ಲಿ, ತುಂಬಿದ ಬಸ್ಸಿನಲ್ಲಿ ಹತ್ತಾರು ಜನಕ್ಕೆ ದಾಟಿಸಿದರು. ಹಾಗಾಗಿ ಮುಚ್ಚಿದ ಜಾಗದ ದೊಡ್ಡ ಕೂಟ ತಡೆದರೆ ಕಡಿಮೆ ಬೆಲೆಗೆ ಹೆಚ್ಚು ಫಲ. ತಿಕೋಟಾದ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವ ಹೆಂಗಸರನ್ನು ಪೊಲೀಸರು ತಡೆದು ವಾಪಸು ಕಳಿಸಿದರೆ ಬೆಲೆ ಹೆಚ್ಚು, ಫಲ ಹೆಚ್ಚುಕಡಿಮೆ ಸೊನ್ನೆ.

ಇನ್ನೊಂದು ಮಾತು ಮುಚ್ಚಬಾರದೆಂದು ವಾದಿಸುವವರಿಗೆ. ಅದೇ 1.3ರ ವೇಗದಲ್ಲಿ ಸೋಂಕು ನಾಲ್ಕು ಪಟ್ಟಾಗಲು 26 ದಿನ ಸಾಕು. 0.9ರಲ್ಲಿ ಅದು ಮೊದಲಿನ ಮಟ್ಟಕ್ಕೆ ಇಳಿಯಲು 66 ದಿನ ಬೇಕು. 0.7ಕ್ಕೆ ಇಳಿಸುವಷ್ಟು ಬಿಗಿ ಮಾಡಿದರೆ 19 ದಿನ. ಅಂದರೆ ತಡ ಮಾಡಿ, ಆಮೇಲೆ ಅರೆಮನಸ್ಸಿನಿಂದ ಮುಚ್ಚುವುದು ದುಡಿಯುವವರ ಪಾಲಿಗೆ ಎಲ್ಲಕ್ಕಿಂತ ದುಬಾರಿ ದಾರಿ. ಬೇಗ, ಚಿಕ್ಕ ಪ್ರದೇಶದಲ್ಲಿ, ಬಿಗಿಯಾಗಿ ಮಾಡಿದ ಎರಡು ವಾರದ ನಿರ್ಬಂಧ ಎರಡು ತಿಂಗಳ ಸಡಿಲ ನಿರ್ಬಂಧಕ್ಕಿಂತ ಕಡಿಮೆ ಮಜೂರಿ ತಿನ್ನುತ್ತದೆ. ಏನೂ ಮಾಡದೆ ಬಿಟ್ಟರೆ ಏನಾಗುತ್ತದೆಂಬುದನ್ನು 2021ರ ಮೇ ತಿಂಗಳಲ್ಲಿ ಆಮ್ಲಜನಕಕ್ಕಾಗಿ ಪರದಾಡಿದ ರಾಜ್ಯಕ್ಕೆ ಹೇಳಿಕೊಡಬೇಕಿಲ್ಲ. ಹಾಸಿಗೆ ಸಿಗದ ರೋಗಿಗೂ ಹಕ್ಕಿದೆ.

ಫಲ ಕಾಣಲು ಎಷ್ಟು ದಿನ? ಸೋಂಕು ತಗುಲಿ ಲಕ್ಷಣ ಬರಲು 5-6 ದಿನ, ಪರೀಕ್ಷೆ ಮಾಡಿಸಿ ವರದಿ ಬರಲು ಇನ್ನೂ ಕೆಲವು ದಿನ. ಇಂದಿನ ನಿರ್ಬಂಧದ ಫಲ ಅಂಕಿಯಲ್ಲಿ ಕಾಣುವುದು 10ರಿಂದ 14 ದಿನಕ್ಕೆ, ಸಾವಿನ ಅಂಕಿಯಲ್ಲಿ ಇನ್ನೂ ತಡವಾಗಿ. ಐದು ದಿನಕ್ಕೊಮ್ಮೆ ನಿಯಮ ಬದಲಿಸುವ ಆಡಳಿತ ತನ್ನ ಹಿಂದಿನ ಆದೇಶ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವ ಮೊದಲೇ ಅದನ್ನು ಹರಿದು ಹಾಕುತ್ತದೆ.

ಇನ್ನು ಪಾಸಿಟಿವಿಟಿ ದರ. 1,000 ಪರೀಕ್ಷೆಯಲ್ಲಿ 50 ಪಾಸಿಟಿವ್ ಬಂದರೆ ಶೇ 5. ಕೆಮ್ಮು ಜ್ವರ ಇರುವವರನ್ನಷ್ಟೇ ಪರೀಕ್ಷಿಸಿದರೆ ದರ ಮೇಲೇರುತ್ತದೆ. ಬಸ್ ನಿಲ್ದಾಣದಲ್ಲಿ ಸಿಕ್ಕಸಿಕ್ಕವರ ಮೂಗಿಗೆ ಕಡ್ಡಿ ಹಾಕಿದರೆ ಕೆಳಗಿಳಿಯುತ್ತದೆ. ಗುರಿ ಮುಟ್ಟಲೆಂದು ಪರೀಕ್ಷೆ ಹೆಚ್ಚಿಸಿದ ಕಡೆಗಳಲ್ಲಿ ದರ ಇಳಿದದ್ದು ಸೋಂಕು ಇಳಿದದ್ದರಿಂದಲೇ ಎನ್ನಲಾಗದು. ಹಾಸಿಗೆ ತುಂಬಿದ ಪ್ರಮಾಣವನ್ನು ಹಾಗೆ ತಿರುಚುವುದು ಕಷ್ಟ. 2021ರ ಏಪ್ರಿಲ್ ಕೊನೆಯಲ್ಲಿ ಕೇಂದ್ರ ಕೊಟ್ಟ ಸೂಚನೆಯಲ್ಲಿ ಎರಡೂ ಇದ್ದವು: ಒಂದು ವಾರದ ಪಾಸಿಟಿವಿಟಿ ಶೇ 10 ಅಥವಾ ಮೇಲೆ, ಇಲ್ಲವೇ ಹಾಸಿಗೆ ಶೇ 60ಕ್ಕಿಂತ ಹೆಚ್ಚು ತುಂಬಿದ್ದರೆ ಸ್ಥಳೀಯ ನಿರ್ಬಂಧ. ಎರಡನೆಯದನ್ನು ತಾಲೂಕುವಾರು ಪ್ರಕಟಿಸಿದ್ದರೆ ಬೆಳಗಾವಿಯಂಥ ಜಿಲ್ಲೆಯಲ್ಲಿ ಅರ್ಧ ತಕರಾರು ಇರುತ್ತಿರಲಿಲ್ಲ.

ವಿನಾಯಿತಿ ಕಾಗದದಲ್ಲಿ, ಬೀಗ ರಸ್ತೆಯಲ್ಲಿ

ಜೀವನೋಪಾಯದ ಲೆಕ್ಕದಲ್ಲಿ ಅಧಿಕಾರಿಗಳು ಹೆಚ್ಚಾಗಿ ಎಡವುವುದು ಸರಪಳಿಯ ಒಂದೇ ಕೊಂಡಿಗೆ ವಿನಾಯಿತಿ ಕೊಟ್ಟು. ಬನಹಟ್ಟಿಯ ವಿದ್ಯುತ್ ಮಗ್ಗಕ್ಕೆ ಓಡಲು ಅನುಮತಿ ಕೊಟ್ಟರೆ ಸಾಲದು. ನೂಲು ಮತ್ತು ಬಣ್ಣ ಹೊರಗಿನಿಂದ ಬರಬೇಕು. ಹಾಸಿನ ನೂಲನ್ನು ಬೀಮಿಗೆ ಸುತ್ತುವ ಘಟಕ ತೆರೆದಿರಬೇಕು. ನೆಯ್ದ ಸೀರೆ ಒಯ್ಯಲು ಲಾರಿ ಬೇಕು, ಕೊಳ್ಳಲು ಬಟ್ಟೆ ಅಂಗಡಿ ಬೇಕು, ಅಂಗಡಿಗೆ ಮದುವೆ ಸೀಜನ್ ಬೇಕು. ಕೊನೆಯ ಎರಡು ಕೊಂಡಿ ಕಳಚಿದರೆ ಮಾಲೀಕ ತಾನಾಗಿಯೇ ಮಗ್ಗ ನಿಲ್ಲಿಸುತ್ತಾನೆ, ಏಕೆಂದರೆ ನೆಯ್ದದ್ದು ಕೋಣೆಯಲ್ಲಿ ಕೂತರೆ ಬಂಡವಾಳ ಕೂತಂತೆ. ಸೀರೆಯ ಲೆಕ್ಕದಲ್ಲಿ ಮಜೂರಿ ಪಡೆಯುವವನಿಗೆ ಸರ್ಕಾರ ಮುಚ್ಚಿಸಲಿಲ್ಲ ಎಂಬ ಸಮಾಧಾನದಿಂದ ಅಕ್ಕಿ ಬರುವುದಿಲ್ಲ. ಬೆಳಗಾವಿಯ ವಡಗಾಂವ, ಖಾಸಬಾಗದ ಮಗ್ಗಗಳದ್ದೂ, ಇಳಕಲ್ಲಿನ ಕೈಮಗ್ಗದ್ದೂ ಇದೇ ಕಥೆ.

ವಿಜಯಪುರದ ದ್ರಾಕ್ಷಿಗೆ ವೇಳೆಯ ಒತ್ತಡ ಬೇರೆ. ಕೊಯ್ಲು ಫೆಬ್ರವರಿಯಿಂದ ಏಪ್ರಿಲ್. 2020ರ ಲಾಕ್‌ಡೌನ್ ಬಂದದ್ದು ಮಾರ್ಚ್ 25ಕ್ಕೆ. ಮಾರುಕಟ್ಟೆ ಇಲ್ಲದ ಹಸಿ ಹಣ್ಣನ್ನು ಒಣದ್ರಾಕ್ಷಿ ಮಾಡುವುದೊಂದೇ ದಾರಿ. ಆದರೆ ಅದಕ್ಕೆ ಸುಮಾರು ಶೇ 2.5ರ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಶೇ 1.5ರ ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಬೇಕು, ನೆರಳಿನ ಶೆಡ್ಡಿನ ಜಾಳಿಗೆಯ ಮೇಲೆ ಎರಡು ವಾರ ಒಣಗಿಸಬೇಕು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಔಷಧಿ ಅಂಗಡಿ ಮುಚ್ಚಿದ್ದರೆ, ಕೂಲಿಯವರಿಗೆ ಪಾಸ್ ಸಿಗದಿದ್ದರೆ, ನಡುವೆ ಅಕಾಲಿಕ ಮಳೆ ಬಿದ್ದರೆ ಹಣ್ಣು ಕಪ್ಪಾಗಿ ದರ ಬೀಳುತ್ತದೆ. ಕೃಷಿಗೆ ವಿನಾಯಿತಿ ಎಂದು ಬರೆಯುವ ಕೈ ಡಿಪ್ಪಿಂಗ್ ಆಯಿಲ್ ಮಾರುವವನನ್ನೂ ಪಟ್ಟಿಗೆ ಸೇರಿಸಬೇಕು. ಇದು ಬೆಂಗಳೂರಿನಲ್ಲಿ ಕೂತವರಿಗೆ ಹೊಳೆಯದು. ಆದೇಶದ ಕರಡನ್ನು ಜಿಲ್ಲಾಡಳಿತ ತೋಟಗಾರಿಕೆ, ಕೈಮಗ್ಗ ಮತ್ತು ಜವಳಿ, ಎಪಿಎಂಸಿ ಅಧಿಕಾರಿಗಳಿಗೆ ಒಂದು ದಿನ ಮೊದಲು ತೋರಿಸಿದರೂ ಸಾಕು.

ಗಡಿಯದ್ದು ಇನ್ನೊಂದು ತೊಡಕು. ಮಹಾರಾಷ್ಟ್ರದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ತರಬೇಕು ಎಂಬ ನಿಯಮ 2021ರಲ್ಲಿ ನಿಪ್ಪಾಣಿ ಬಳಿಯ ಕೊಗನೊಳ್ಳಿ, ಸೊಲ್ಲಾಪುರ ರಸ್ತೆಯ ಧೂಳಖೇಡದ ಚೆಕ್‌ಪೋಸ್ಟ್‌ಗಳಲ್ಲಿ ಜಾರಿಯಲ್ಲಿತ್ತು. ಮುಂಬೈಗೆ ತಿಂಗಳಿಗೊಮ್ಮೆ ಹೋಗುವ ವ್ಯಾಪಾರಿಗೆ ಇದು ಸಣ್ಣ ಕಿರಿಕಿರಿ. ನಿಪ್ಪಾಣಿಯಲ್ಲಿದ್ದು ಕಾಗಲಿನ ಕಾರ್ಖಾನೆಗೆ ದಿನಾ ಹೋಗುವವನು ಇದನ್ನು ಅಕ್ಷರಶಃ ಪಾಲಿಸಬೇಕೆಂದರೆ ಮೂರು ದಿನಕ್ಕೊಂದು ಪರೀಕ್ಷೆ. ಗಡಿ ತಾಲೂಕಿನ ದಿನನಿತ್ಯದ ಓಡಾಟಗಾರರಿಗೆ ಬೇರೆ ನಿಯಮ ಬೇಕು: ಗುರುತಿನ ಚೀಟಿ, ಕಾರ್ಖಾನೆಯ ಪತ್ರ, ವಾರಕ್ಕೊಮ್ಮೆ ಪುಕ್ಕಟೆ ಪರೀಕ್ಷೆ. ಇಲ್ಲದಿದ್ದರೆ ಜನ ಹೊಲದ ದಾರಿ ಹಿಡಿಯುತ್ತಾರೆ, ಆ ದಾರಿಯಲ್ಲಿ ಥರ್ಮಾಮೀಟರ್ ಹಿಡಿದವರು ಯಾರೂ ಇರುವುದಿಲ್ಲ.

ಮನೆಯಲ್ಲಿ ಕೂರಲು ಎಷ್ಟು ದುಡ್ಡು ಬೇಕು

ದಿನಕ್ಕೆ 450 ರೂಪಾಯಿ ಗಳಿಸುವವನಿಗೆ ಜ್ವರ ಬಂತು ಎನ್ನಿ. ಪರೀಕ್ಷೆ ಮಾಡಿಸಿ ಪಾಸಿಟಿವ್ ಬಂದರೆ 14 ದಿನ ಮನೆಯಲ್ಲಿ, ಅಂದರೆ 6,300 ರೂಪಾಯಿ ಖೋತಾ. ಮಾಡಿಸದಿದ್ದರೆ ಒಂದು ಜ್ವರದ ಗುಳಿಗೆ, ಮರುದಿನ ಕೆಲಸ. ಎರಡನೆಯದನ್ನು ಆಯ್ದುಕೊಂಡವನನ್ನು ಬೇಜವಾಬ್ದಾರಿ ಎನ್ನುವುದು ಸುಲಭ. ಆದರೆ 6,300 ರೂಪಾಯಿ ಯಾರಾದರೂ ತುಂಬಿಕೊಟ್ಟರೆ ಆ ಮನುಷ್ಯ ಪರೀಕ್ಷೆಗೆ ಬರುತ್ತಾನೆ, ಸರಪಳಿ ಅಲ್ಲಿಗೆ ಕಡಿಯುತ್ತದೆ. ಮಾಸ್ಕಿನ ಖರ್ಚನ್ನು ಆರೋಗ್ಯದ ಬಾಬಿನಲ್ಲಿ ಬರೆಯುವವರು ಈ ಹಣವನ್ನೂ ಅಲ್ಲೇ ಬರೆಯಬೇಕು.

ನಿಜಕ್ಕೂ ಸಿಕ್ಕಿದ್ದೆಷ್ಟು? 2020ರ ಮೇ ತಿಂಗಳಲ್ಲಿ ರಾಜ್ಯ 1,610 ಕೋಟಿ ರೂಪಾಯಿಯ ಪ್ಯಾಕೇಜು ಪ್ರಕಟಿಸಿತು. ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000, ಕೈಮಗ್ಗ ನೇಕಾರರಿಗೆ 2,000. 2021ರಲ್ಲಿ ಚಾಲಕರಿಗೆ 3,000, ಕ್ಷೌರಿಕರು ಟೈಲರ್‌ಗಳು ಮೊದಲಾದ ಅಸಂಘಟಿತರಿಗೆ 2,000, ವಿದ್ಯುತ್ ಮಗ್ಗದ ಕೆಲಸಗಾರರಿಗೆ ಎರಡನೇ ಪ್ಯಾಕೇಜಿನಲ್ಲಿ 3,000. ಆ ವರ್ಷ ಏಪ್ರಿಲ್ 27ರಿಂದ ಜೂನ್ 14ರವರೆಗೆ 48 ದಿನ ಎಂದು ಹಿಡಿದರೆ ಕ್ಷೌರಿಕನಿಗೆ ದಿನಕ್ಕೆ 42 ರೂಪಾಯಿಗೂ ಕಡಿಮೆ. ಬೆಳಗಾವಿಯಲ್ಲಿ ಅವಧಿ ಇನ್ನೂ ಉದ್ದ, ಹಣ ಅಷ್ಟೇ. ಹೆಚ್ಚು ದಿನ ಮುಚ್ಚಿಸಿದ ಜಿಲ್ಲೆಗೆ ಹೆಚ್ಚು ಪರಿಹಾರ ಎಂಬ ಸಾದಾ ತತ್ವವೂ ಅಲ್ಲಿರಲಿಲ್ಲ.

ಹೋಲಿಕೆಗೆ 2022ರ ಚರ್ಮಗಂಟು ರೋಗ ನೋಡಿ. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ರೋಗ. ದನದ ಸಂತೆ, ಜಾತ್ರೆ, ಸಾಗಾಟ ನಿಂತವು, ಮೇಕೆ ಸಿಡುಬಿನ ಲಸಿಕೆ ಹಾಕಲಾಯಿತು. ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ಎಂದು ದರ ಗೊತ್ತುಮಾಡಲಾಗಿತ್ತು. ದರ ಗೊತ್ತಿದ್ದರೆ ರೈತ ಸತ್ತ ದನದ ಸುದ್ದಿ ಮುಚ್ಚಿಡುವುದಿಲ್ಲ. ಆದರೆ ಸಂತೆ ನಿಂತು ಕೆಟ್ಟ ದಲಾಲಿ, ಹಗ್ಗ ಮೂಗುದಾರ ಮಾರುವವ, ಚಹಾದಂಗಡಿಯವರಿಗೆ ಯಾವ ದರವೂ ಇರಲಿಲ್ಲ.

ಜಾತ್ರೆಯ ವಿಷಯದಲ್ಲೂ ಹೀಗೆಯೇ. ಬಾದಾಮಿ ಬನಶಂಕರಿ ಜಾತ್ರೆ ರದ್ದು ಎಂದರೆ ಭಕ್ತರಿಗೆ ಒಂದು ವರ್ಷದ ಬೇಸರ. ಅಲ್ಲಿ ಬಿಡಾರ ಹೂಡುವ ವೃತ್ತಿ ನಾಟಕ ಕಂಪನಿಗಳಿಗೆ ಅದು ವರ್ಷದ ಗಳಿಕೆಯ ದೊಡ್ಡ ಪಾಲು. ತೇರು ಸಾಂಕೇತಿಕವಾಗಿ ಎಳೆದು ಮುಗಿಸಬಹುದು, ಸಾಂಕೇತಿಕ ನಾಟಕದಿಂದ ಕಲಾವಿದರ ಪಗಾರ ಆಗುವುದಿಲ್ಲ. ಡೇರೆಯ ಪಕ್ಕದ ಪರದೆ ಎತ್ತಿ, ಅರ್ಧ ಸೀಟು, ಉಳಿದರ್ಧದ ಬೆಲೆ ಸರ್ಕಾರದ್ದು ಎಂಬ ಒಪ್ಪಂದ ಅಸಾಧ್ಯವೇನಲ್ಲ.

ಜನ ಮಾತು ಕೇಳುವಂತೆ ನಂಬಿಕೆ ಗಳಿಸುವುದು

ಬೆಳಗಾವಿ ಲೋಕಸಭಾ ಉಪಚುನಾವಣೆಯ ಮತದಾನ ನಡೆದದ್ದು 2021ರ ಏಪ್ರಿಲ್ 17ರಂದು. ಕೋವಿಡ್‌ನಿಂದಲೇ ತೀರಿಕೊಂಡ ಸುರೇಶ ಅಂಗಡಿಯವರಿಂದ ತೆರವಾದ ಸ್ಥಾನ ಅದು. ಪ್ರಚಾರ ಸಭೆಗಳು ನಡೆದು ಹತ್ತು ದಿನದೊಳಗೆ ಅಂಗಡಿಗಳು ಮುಚ್ಚಿದವು. ರ‍್ಯಾಲಿಗೆ ಬರದ ಸೋಂಕು ಮದುವೆಗೆ ಬರುತ್ತದೆಯೇ ಎಂದು ಕೇಳಿದವರಿಗೆ ಉತ್ತರವಿರಲಿಲ್ಲ. ದಂಡದ್ದೂ ಇದೇ ಪಾಠ: 2020ರ ಸೆಪ್ಟೆಂಬರ್ ಕೊನೆಗೆ ಮಾಸ್ಕ್ ದಂಡವನ್ನು ಶಹರದಲ್ಲಿ 1,000 ರೂಪಾಯಿಗೆ ಏರಿಸಿದ ಸರ್ಕಾರ ಕೆಲವೇ ದಿನದಲ್ಲಿ 250ಕ್ಕೆ, ಹಳ್ಳಿಗಳಲ್ಲಿ 100ಕ್ಕೆ ಇಳಿಸಿತು. ಎರಡು ದಿನದ ಕೂಲಿಯನ್ನು ದಂಡವಾಗಿ ವಸೂಲಿ ಮಾಡಲು ಹೊರಟರೆ ಉಳಿಯುವುದು ಜಗಳ, ಮಾಸ್ಕ್ ಅಲ್ಲ.

ಲಸಿಕೆಯಲ್ಲಿ ಗೆರೆ ಸ್ಪಷ್ಟವಿದೆ. 2022ರ ಮೇ 2ರ ಜಾಕೋಬ್ ಪುಲಿಯೆಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ ಎಂದಿತು. ಆದರೆ ಸಮುದಾಯದ ಹಿತಕ್ಕಾಗಿ ಪ್ರಮಾಣಬದ್ಧ ಷರತ್ತು ಹಾಕಬಹುದು ಎಂದೂ ಸೇರಿಸಿತು. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗವನ್ನು ಇಂದಿಗೂ ವ್ಯಾಕ್ಸಿನ್ ಡಿಪೋ ಎಂದೇ ಕರೆಯುವ ಬೆಳಗಾವಿಯಂಥ ಊರಿನಲ್ಲಿ ಲಸಿಕೆಯ ಲಾಭ ವಿವರಿಸಲು ಬಡಿಗೆ ಬೇಕಾಗಬಾರದು.

ಮುಂದಿನ ಆದೇಶ ಬಂದಾಗ

ಆದೇಶದ ಪ್ರತಿಯನ್ನೇ ಓದಿ, ವಾಟ್ಸಾಪ್ ಸಾರಾಂಶವನ್ನಲ್ಲ. ಯಾವ ಕಲಂ, ಎಲ್ಲಿಂದ ಎಲ್ಲಿಯವರೆಗೆ, ಕೊನೆಯ ದಿನಾಂಕ, ಮರುಪರಿಶೀಲನೆ ಯಾವಾಗ, ಪಾಸ್ ಕೊಡುವವರು ಯಾರು, ಯಾವ ಅಂಕಿ ಎಷ್ಟಕ್ಕೆ ಇಳಿದರೆ ತೆರೆಯುತ್ತದೆ ಎಂಬುದು ಇದೆಯೇ ನೋಡಿ. ಕೊನೆಯ ದಿನಾಂಕವೇ ಇಲ್ಲದ ಆದೇಶ ಪ್ರಶ್ನಿಸಲು ಯೋಗ್ಯವಾದದ್ದು. ಮೊದಲು ಜಿಲ್ಲಾಧಿಕಾರಿಗೆ ಲಿಖಿತ ಮನವಿ, ಅಲ್ಲಿ ಆಗದಿದ್ದರೆ ಹೈಕೋರ್ಟು. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ವಕೀಲರ ಫೀ ಕೊಡಲಾಗದವರು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು.

ಪರಿಹಾರ ಕೈತಪ್ಪಿದವರಲ್ಲಿ ಬಹಳ ಜನ ಅರ್ಹರೇ ಆಗಿದ್ದರು, ದಾಖಲೆಯಲ್ಲಿ ಇರಲಿಲ್ಲ ಅಷ್ಟೆ. ಮಗ್ಗದ ಪರವಾನಗಿ, ವಿದ್ಯುತ್ ಮೀಟರು ಮಾಲೀಕನ ಹೆಸರಲ್ಲಿ. ನೆಯ್ಯುವವನ ಹೆಸರು ಎಲ್ಲೂ ಇಲ್ಲ. ಆದ್ದರಿಂದ ರೋಗವಿಲ್ಲದ ಕಾಲದಲ್ಲೇ ಮಾಲೀಕನಿಂದ ಕೆಲಸದ ಪತ್ರ ಬರೆಸಿಕೊಂಡು ಕೈಮಗ್ಗ ಮತ್ತು ಜವಳಿ ಇಲಾಖೆಯಲ್ಲಿ ಹೆಸರು ಸೇರಿಸಬೇಕು. 16ರಿಂದ 59 ವಯಸ್ಸಿನ ಅಸಂಘಟಿತ ಕೆಲಸಗಾರರು ಕೇಂದ್ರ ಸರ್ಕಾರದ ಇ-ಶ್ರಮ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಬೀದಿ ವ್ಯಾಪಾರಿಗಳು 2014ರ ಕಾಯ್ದೆಯಡಿ ನಗರಸಭೆಯ ಸಮೀಕ್ಷೆಯಲ್ಲಿ ಸೇರಿ ಪ್ರಮಾಣಪತ್ರ ಪಡೆಯಬೇಕು. ಆಧಾರ್‌ನಲ್ಲಿ ‘ಮಲ್ಲಪ್ಪ’, ಪಾಸ್‌ಬುಕ್ಕಿನಲ್ಲಿ ‘ಮಲ್ಲಿಕಾರ್ಜುನ’ ಎಂದಿದ್ದರೆ ಈಗಲೇ ಸರಿಪಡಿಸಿ. ಎರಡು ಮೂರು ಖಾತೆ ಇದ್ದವರಿಗೆ ಆಧಾರ್ ಮೂಲಕ ಬರುವ ಹಣ ಬೀಳುವುದು ಕೊನೆಯದಾಗಿ ಜೋಡಿಸಿದ ಖಾತೆಗೆ. ಅದು ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಖಾತೆಯಾಗಿದ್ದರೆ ಬ್ಯಾಂಕಿಗೆ ಹೋಗಿ ದಿನಬಳಕೆಯ ಖಾತೆಗೆ ಜೋಡಣೆ ಬದಲಿಸಿಕೊಳ್ಳಬೇಕು.